ನವೆಂಬರ್ ಗೋಡೆ

ಲಟ್ಟಿಸಿದ ಹಿಟ್ಟಿನ ಅಂಚು ಆಗಲೇ ಒಣಗತೊಡಗಿತ್ತು. ಎರ್ಸಿಲಿಯಾ ಅದರ ಮೇಲೆ ಒದ್ದೆ ಬಟ್ಟೆ ಎಳೆದಳು. ಹೊರಗುಳಿದಷ್ಟನ್ನು ಚೌಕ ಚೌಕವಾಗಿ ಕೊಯ್ದು, ಒಂದೊಂದರ ನಡುವೆ ಕುಂಬಳಕಾಯಿಯ ಹೂರಣವಿಟ್ಟು ಮಡಚಿ, ಅಂಚನ್ನು ಬೆರಳಿನಿಂದ ಒತ್ತುತ್ತ ಹೋದಳು. ಮದುವೆಯಾದಾಗಿನಿಂದ ಶನಿವಾರ ಶನಿವಾರ ಮಾಡಿಕೊಂಡು ಬಂದ ಕೆಲಸ. ಕಣ್ಣು ಕಟ್ಟಿ ಕೂರಿಸಿದರೂ ಕೈ ತಪ್ಪುತ್ತಿರಲಿಲ್ಲ. ಇವತ್ತು ತಪ್ಪಿತು. ಮೂರು ತೊರ್ತೆಲ್ಲಿಗಳ ಬಾಯಿಯನ್ನು ಹೂರಣವೇ ಇಡದೆ ಮುಚ್ಚಿಬಿಟ್ಟಿದ್ದಳು.

ಎದುರಿಗೆ ಕೂತು ಕಾಫಿ ಕುಡಿಯುತ್ತಿದ್ದ ಅಕ್ಕ ಡೀರ್ಚೆ ಅವುಗಳಲ್ಲೊಂದನ್ನು ಎತ್ತಿ ಬೆಳಕಿಗೆ ಹಿಡಿದಳು.

"ಇದೇನೇ ಇದು, ಗಾಳಿ ತುಂಬಿದ ತೊರ್ತೆಲ್ಲಿ? ನನ್ನ ತೂಕ ಇಳಿಸೋಕೆ ಡಾಕ್ಟ್ರು ಏನಾದ್ರೂ ಹೇಳಿ ಕಳಿಸಿದ್ರಾ?"

"ಸುಮ್ನಿರು. ಎಂಟೂವರೆ ಆಯ್ತು. ಒಂಬತ್ತಕ್ಕೆ ಬಾಗಿಲು ತೆಗೀತಾರೆ."

"ಐನೂರು ವರ್ಷದಿಂದ ನಿಂತಿರೋ ಅರಮನೆ ಅದು. ಅರ್ಧ ಗಂಟೆ ತಡ ಆದ್ರೆ ಎದ್ದು ಓಡಿಹೋಗಲ್ಲ."

ಎರ್ಸಿಲಿಯಾ ಏಪ್ರನ್ ಬಿಚ್ಚಿ ಗೂಟಕ್ಕೆ ಹಾಕಿದಳು. ಕೈ ತೊಳೆದಳು, ಉಗುರ ಸಂದಿಯ ಹಿಟ್ಟು ಬಿಡಲಿಲ್ಲ, ಮತ್ತೆ ತೊಳೆದಳು. ಎಪ್ಪತ್ಮೂರು ವರ್ಷದ ಹೆಂಗಸಿಗೆ ಹೀಗೆ ಎದೆ ಹೊಡೆದುಕೊಳ್ಳಬಾರದು ಎಂದು ತನಗೆ ತಾನೇ ಹೇಳಿಕೊಂಡಳು. ಎದೆ ಕೇಳಲಿಲ್ಲ.

ಕಾಂತಾರೆಲ್ಲಿ ಅರಮನೆ ಮುಚ್ಚಿ ಇಪ್ಪತ್ತೆರಡು ವರ್ಷವಾಗಿತ್ತು. ಅದಕ್ಕೂ ಮೊದಲು ಅಲ್ಲಿ ತಂಬಾಕು ಒಣಗಿಸುತ್ತಿದ್ದರು. ಅದಕ್ಕೂ ಮೊದಲು ಜೋಳದ ಉಗ್ರಾಣ. ಈಗ ವರ್ಷದ ಹನ್ನೆರಡೂ ತಿಂಗಳುಗಳನ್ನು ಬರೆದಿದ್ದ ದೊಡ್ಡ ಕೋಣೆಯ ಗೋಡೆಚಿತ್ರಗಳನ್ನು ತೊಳೆದು ಸರಿಮಾಡಿ, ಮಂಗಳವಾರದಿಂದ ಹೊರಗಿನವರಿಗೆ ತೋರಿಸುವವರಿದ್ದರು. ಇವತ್ತು ಶನಿವಾರ, ಊರವರಿಗೆ ಮಾತ್ರ.

ಊರವರಿಗೆ ಅದು ಅರಮನೆ. ಈ ಅಕ್ಕತಂಗಿಯರಿಗೆ ಅದು ಮನೆಯಾಗಿತ್ತು. ಪೋ ನದಿ ಒಡ್ಡು ಒಡೆದುಕೊಂಡು ಬಂದ ಆ ನವೆಂಬರಿನಲ್ಲಿ ಎರ್ಸಿಲಿಯಾಳಿಗೆ ಒಂಬತ್ತು, ಡೀರ್ಚೆಗೆ ಹದಿಮೂರು. ಅಪ್ಪ ಬೆಲ್ಜಿಯಮ್ಮಿನ ಗಣಿಯಲ್ಲಿದ್ದ. ನೀರು ಅಟ್ಟದವರೆಗೆ ಏರಿದಾಗ ಅಮ್ಮ ಜೆಲಿಂದಾ ಇಬ್ಬರನ್ನೂ ಸೂರಿನ ಹೆಂಚು ತೆಗೆದು ದೋಣಿಗೆ ಇಳಿಸಿದಳು. ಮನೆಮಠ ಕಳೆದುಕೊಂಡ ಹನ್ನೆರಡು ಕುಟುಂಬಗಳನ್ನು ಸರ್ಕಾರದವರು ತಂದು ಆ ದೊಡ್ಡ ಕೋಣೆಯೊಳಗೆ ಬಿಟ್ಟರು. ಗೋಡೆಯುದ್ದಕ್ಕೂ ತಿಂಗಳಿಗೊಂದು ಚಿತ್ರ, ಚಿತ್ರಕ್ಕೊಂದು ಕುಟುಂಬ, ನಡುವೆ ಹಗ್ಗಕ್ಕೆ ನೇತುಹಾಕಿದ ಕಂಬಳಿ. ಮೇ ತಿಂಗಳವರು, ಜುಲೈ ತಿಂಗಳವರು ಎಂದೇ ಒಬ್ಬರನ್ನೊಬ್ಬರು ಕರೆದುಕೊಳ್ಳುತ್ತಿದ್ದರು. ಜೆಲಿಂದಾಳ ಪಾಲಿಗೆ ಬಂದದ್ದು ನವೆಂಬರ್.

ನವೆಂಬರಿನಲ್ಲಿ ಒಬ್ಬ ಹೆಂಗಸಿದ್ದಳು. ಕಂಕುಳಲ್ಲಿ ಬಿಳಿಯ ಹೆಬ್ಬಾತು ಇರುಕಿಕೊಂಡು, ಎಡಗಣ್ಣು ಅರೆ ಮುಚ್ಚಿ ಬಾಯ್ತುಂಬ ನಗುತ್ತಿದ್ದಳು. ಉಳಿದ ತಿಂಗಳುಗಳಲ್ಲಿ ದೊರೆಗಳು, ಕುದುರೆಗಳು, ಬೇಟೆನಾಯಿಗಳು. ಇಲ್ಲಿ ಮಾತ್ರ ಅಡುಗೆಮನೆಯಿಂದ ಎದ್ದು ಬಂದಂತಹ ಹೆಂಗಸು. ಹಲಗೆ ಜೋಡಿಸಿ ಒಂದರ ಮೇಲೊಂದು ಮಾಡಿದ ಮಂಚದಲ್ಲಿ ಎರ್ಸಿಲಿಯಾಳದು ಮೇಲಿನದು, ಆ ಮುಖದ ಪಕ್ಕಕ್ಕೇ. ಮುಖದ ಸುತ್ತ ಗಾರೆಯಲ್ಲಿ ಕೂದಲೆಳೆಯಷ್ಟು ಸಣ್ಣ ಏಣು. ನಿದ್ದೆ ಬಾರದಾಗ ಅದರ ಮೇಲೆ ಬೆರಳಾಡಿಸುತ್ತ ಸುತ್ತು ಬರುತ್ತಿದ್ದಳು.

ಆಮೇಲೆ ಈಸ್ಟರ್ ಬಂತು. ಈಸ್ಟರಿಗೆ ಮೊದಲು ಪಾದ್ರಿಗಳು ಮನೆಮನೆಗೆ ಬಂದು ತೀರ್ಥ ಚಿಮುಕಿಸಿ ಹರಸುವುದು ವಾಡಿಕೆ; ಅದಕ್ಕೆ ಮುಂಚೆ ಮನೆಗೆ ಸುಣ್ಣ ಬಳಿದಿರಬೇಕು. ಬಳಿಯದವಳನ್ನು ಊರು ಹೆಂಗಸೆಂದು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಜೆಲಿಂದಾ ಎಲ್ಲಿಂದಲೋ ಒಂದು ಬಕೆಟ್ ಸುಣ್ಣ ಹೊಂದಿಸಿ ತಂದಳು. ಒಲೆಯ ಹೊಗೆ ಹಿಡಿದಿದ್ದ ನವೆಂಬರನ್ನು ಎರಡು ಕೈ ಬಳಿದು ಬೆಳ್ಳಗೆ ಮಾಡಿದಳು. ಉಳಿದ ಹನ್ನೊಂದು ಕುಟುಂಬಗಳಲ್ಲಿ ಅರ್ಧಕ್ಕರ್ಧ ಅಷ್ಟರಲ್ಲಿ ಕೆಲಸ ಹುಡುಕಿ ತುರಿನ್ನಿಗೋ ಮಿಲಾನಿಗೋ ಹೋಗಿತ್ತು, ಉಳಿದವರಿಗೆ ಮೈಗಳ್ಳತನ. ಪಾದ್ರಿಗಳು ಜೆಲಿಂದಾಳನ್ನು ಎಲ್ಲರೆದುರು ಹೊಗಳಿದರು.

ಎರಡು ತಿಂಗಳ ಮೇಲೆ ನಗರದಿಂದ ಟೋಪಿ ಹಾಕಿದ ಒಬ್ಬ ಯಜಮಾನರು ಪುಸ್ತಕ ಹಿಡಿದು ಬಂದರು. ಒಂದೊಂದೇ ತಿಂಗಳ ಮುಂದೆ ನಿಂತು ಬರೆದುಕೊಂಡು, ಕೊನೆಗೆ ಬಿಳಿ ಗೋಡೆಯ ಮುಂದೆ ನಿಂತರು. "ನವೆಂಬರ್ ಎಲ್ಲಮ್ಮಾ?" ಎಂದರು. ಅವರ ಮುಖ ನೋಡಿದ ಮೇಲಷ್ಟೇ ಜೆಲಿಂದಾಳಿಗೆ ತಾನು ಮಾಡಿದ್ದೇನೆಂದು ಹೊಳೆದದ್ದು. ಹೊರಗೆ ಹಾಕಿದರೆ ಮಕ್ಕಳನ್ನು ಕಟ್ಟಿಕೊಂಡು ಎಲ್ಲಿಗೆ ಹೋಗುವುದು? "ತೇವಕ್ಕೆ ಉದುರಿಹೋಯ್ತು ಸ್ವಾಮಿ, ಅದಕ್ಕೇ ಗಾರೆ ಹಾಕಿಸಿದ್ರು," ಎಂದಳು. ಅವರು ಹಾಗೆಯೇ ಬರೆದುಕೊಂಡರು. ಅವತ್ತು ಮಕ್ಕಳಿಬ್ಬರ ಕೈಯನ್ನೂ ತನ್ನ ತಲೆಯ ಮೇಲೆ ಇರಿಸಿಕೊಂಡು, ಯಾರಿಗೂ ಹೇಳಕೂಡದೆಂದು ಮಾತು ತೆಗೆದುಕೊಂಡಳು.

ಆ ಸುಳ್ಳು ಪುಸ್ತಕದಿಂದ ಪುಸ್ತಕಕ್ಕೆ ಹೋಗಿ, ಮೊನ್ನೆ ಮನೆಮನೆಗೆ ಹಂಚಿದ ಚೀಟಿಯಲ್ಲೂ ಅಚ್ಚಾಗಿತ್ತು: "ನವೆಂಬರ್ ತೇವದಿಂದ ನಾಶವಾಗಿದೆ."

*

ಇಬ್ಬರೂ ಸೈಕಲ್ ಹತ್ತಿದರು. ಬಯಲುಸೀಮೆಯ ಊರು, ಏರಿಲ್ಲ ಇಳಿಯಿಲ್ಲ. ಡೀರ್ಚೆ ಎಪ್ಪತ್ತೇಳರಲ್ಲೂ ಸಂತೆಗೆ ಸೈಕಲ್ಲಿನಲ್ಲೇ ಹೋಗುತ್ತಿದ್ದಳು. ಎರ್ಸಿಲಿಯಾ ಗಂಟೆ ಬಾರಿಸುತ್ತ ಮುಂದೆ ಹೋದಳು. ಎದುರಿಗೆ ಯಾರೂ ಇರಲಿಲ್ಲ. ಸುಮ್ಮನೆ ಬಾರಿಸಿದಳು.

ಬಾಗಿಲಲ್ಲಿ ಕಾವಲುಗಾರ ಆಮೊಸ್ ಸಮವಸ್ತ್ರ ಹಾಕಿಕೊಂಡು ನಿಂತಿದ್ದ. ಅವನ ಅಪ್ಪ ಜುಲೈ ತಿಂಗಳವರ ಪೈಕಿ.

"ಬನ್ನಿ ಬನ್ನಿ, ಮನೆಯೊಡತಿಯರು ಬಂದ್ರು! ಬಾಡಿಗೆ ಬಾಕಿ ಇದೆಯಂತೆ, ದೊರೆಗಳು ಕೇಳ್ತಿದ್ರು."

"ನಿಮ್ಮಪ್ಪ ಕೊಟ್ಮೇಲೆ ನಾವು ಕೊಡ್ತೀವಿ ಅನ್ನು," ಎಂದಳು ಡೀರ್ಚೆ. "ನಿನ್ನ ಕೋಟಿನ ಗುಂಡಿ ಯಾಕೆ ಹಾಗೆ ಅಳ್ತಾ ಇದೆ?"

"ಮೊದಲಿನ ಕಾವಲುಗಾರ ತೆಳ್ಳಗಿದ್ದ, ಸಿನ್ಯೋರಾ ಡೀರ್ಚೆ. ಸರ್ಕಾರ ಕೋಟು ಬದಲಾಯಿಸಲ್ಲ, ಮನುಷ್ಯರನ್ನ ಬದಲಾಯಿಸುತ್ತೆ."

ಮೆಟ್ಟಿಲು ಹತ್ತಿ ಮೇಲೆ ಬಂದರು. ಎರ್ಸಿಲಿಯಾ ಹೊಸ್ತಿಲಲ್ಲೇ ನಿಂತುಬಿಟ್ಟಳು.

ಹೊಗೆಯಿಲ್ಲ, ಕಂಬಳಿಯಿಲ್ಲ, ತಂಬಾಕಿನ ವಾಸನೆಯಿಲ್ಲ. ಏಪ್ರಿಲ್ಲಿನ ಹಸಿರು ನೋಡಿದರೆ ಇವತ್ತು ಬೆಳಿಗ್ಗೆ ಚಿಗುರಿದ ಹಾಗಿತ್ತು. ಜೂನಿನ ಕೊಯ್ಲುಗಾರನ ಬೆನ್ನ ಮೇಲಿನ ಬೆವರು ಹೊಳೆಯುತ್ತಿತ್ತು. ಮೇ ತಿಂಗಳ ಕುದುರೆಗೆ ಕಣ್ಣಿದೆಯೆಂದು ಅಲ್ಲಿ ತಿಂಗಳುಗಟ್ಟಲೆ ಬದುಕಿದವಳಿಗೇ ಗೊತ್ತಿರಲಿಲ್ಲ. ಈಗ ಅದು ಅವಳನ್ನೇ ನೋಡಿತು. ಅವಳು ನಗುತ್ತ ಕೋಣೆಯ ಉದ್ದಕ್ಕೂ ನಡೆದಳು, ಅಲ್ಲ, ಸಣ್ಣ ಹುಡುಗಿಯ ಹಾಗೆ ಓಡಿದಳು.

"ಡೀರ್ಚೆ, ನೋಡೇ! ಆಗಸ್ಟಿನವನ ಟೋಪಿ ಕೆಂಪು! ನಾವು ಕಪ್ಪು ಅಂದ್ಕೊಂಡಿದ್ವಲ್ಲ!"

"ನಮ್ಮಪ್ಪ ಸೋಮಾರಿ ಆಗಿದ್ದಕ್ಕೇ ಜುಲೈ ಉಳೀತು," ಎಂದ ಹಿಂದೆ ಬಂದ ಆಮೊಸ್ ಹೆಮ್ಮೆಯಿಂದ. "ಒಂದು ಮೊಳೆ ಹೊಡೆಯೋಕೂ ಏಳ್ತಿರಲಿಲ್ಲವಂತೆ."

ಅಕ್ಟೋಬರ್ ಕಳೆದ ಮೇಲೆ ಬಿಳಿ ಗೋಡೆ. ಅದರ ಮೇಲೆ ಪೆನ್ಸಿಲಿನಿಂದ ಆರು ಗುಣಿಸು ಗುರುತು ಹಾಕಿದ್ದರು. ಎರ್ಸಿಲಿಯಾಳ ನಗು ಅಲ್ಲೇ ನಿಂತಿತು.

"ಆಮೊಸ್, ಇವೇನು?"

"ಬೋಲ್ಟಿಗೆ ಗುರುತು. ಸೋಮವಾರ ಬೆಳಿಗ್ಗೆ ಏಳಕ್ಕೆ ಕೊರೀತಾರೆ. ದೊಡ್ಡ ಫಲಕ ಬರುತ್ತೆ, ದೊರೆಗಳ ವಂಶಾವಳಿ. ಖಾಲಿ ಗೋಡೆ ತಾನೆ?"

ಒಂದು ಗುರುತು ಎಲ್ಲಿದೆಯೆಂದು ಅವಳಿಗೆ ಅಳೆದು ನೋಡಬೇಕಾಗಲಿಲ್ಲ. ಅದು ನಗುತ್ತಿದ್ದ ಬಾಯಿಯ ಮೇಲಿತ್ತು.

"ಖಾಲಿ ಅಲ್ಲ," ಎಂದಳು.

ಡೀರ್ಚೆ ಅವಳ ಮೊಣಕೈ ಹಿಡಿದಳು. "ಎರ್ಸಿಲಿಯಾ. ನಡಿ ಮನೆಗೆ."

"ಖಾಲಿ ಅಲ್ಲ, ಆಮೊಸ್. ಅವಳು ಒಳಗಿದ್ದಾಳೆ."

ಕಿಟಕಿಯ ಹತ್ತಿರ ಬಿಳಿ ಮೇಲಂಗಿ ಹಾಕಿಕೊಂಡು ಉಪಕರಣಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದ ಹೆಂಗಸು ತಲೆಯೆತ್ತಿದಳು. ಚಿತ್ರಗಳನ್ನು ದುರಸ್ತಿ ಮಾಡಿದವಳು, ಒರ್ನೆಲ್ಲಾ ಎಂದು ಹೆಸರು; ನಲವತ್ತು ಇರಬಹುದು, ಕೈಯೆಲ್ಲ ಬಣ್ಣದ ಕಲೆ. "ಯಾರು ಒಳಗಿದ್ದಾರೆ, ಸಿನ್ಯೋರಾ?" ಎಂದು ಕೇಳುತ್ತ ಹತ್ತಿರ ಬಂದಳು.

ಡೀರ್ಚೆ ನಡುವೆ ನಿಂತಳು. "ಯಾರೂ ಇಲ್ಲ. ನನ್ನ ತಂಗಿಗೆ ಬೆಳಿಗ್ಗೆಯಿಂದ ತಲೆ ಸರಿ ಇಲ್ಲ. ತೊರ್ತೆಲ್ಲಿಗೆ ಗಾಳಿ ತುಂಬ್ತಾ ಕೂತಿದ್ಲು." ತಂಗಿಯ ಕಡೆ ತಿರುಗಿ ದನಿ ತಗ್ಗಿಸಿದಳು. "ಅಮ್ಮನ ತಲೆ ಮೇಲೆ ಕೈ ಇಟ್ಟಿದೀವಿ. ನಾಳೆ ಪೇಪರಲ್ಲಿ ಏನು ಬರುತ್ತೆ ಗೊತ್ತಾ? ಕೆಸರುಕಾಲಿನವರು ಬಂದು ಅರಮನೆ ಹಾಳು ಮಾಡಿದ್ರು ಅಂತ. ಶಾಲೆಯಲ್ಲಿ ನಮ್ಮನ್ನ ಹಾಗೇ ಕರೀತಿರಲಿಲ್ವಾ? ಸತ್ತು ಮಣ್ಣಾದವಳನ್ನ ಮತ್ತೆ ಕರೆಸಿ ಬೈಸ್ತೀಯಾ?"

"ಅವಳನ್ನ ಬೈಯೋಕಲ್ಲ ನಾನು ಹೇಳ್ತಿರೋದು. ಸೋಮವಾರ ಈ ಹೆಂಗಸಿನ ಬಾಯಿಗೆ ಬೋಲ್ಟ್ ಬೀಳುತ್ತಲ್ಲೇ! ಆಮೇಲೆ ನಾವು ಹೇಳಿದ್ರೂ ಒಂದೇ, ಬಿಟ್ರೂ ಒಂದೇ." ಎರ್ಸಿಲಿಯಾ ಒರ್ನೆಲ್ಲಾಳ ಕಡೆ ತಿರುಗಿದಳು. ಒಂದೇ ಉಸಿರಿಗೆ ಬಂತು. "ಇದು ತೇವಕ್ಕೆ ಹೋಗಿಲ್ಲ. ನಮ್ಮಮ್ಮ ಸುಣ್ಣ ಬಳಿದ್ಲು. ಈಸ್ಟರಿಗೆ. ನಾನು ನೋಡಿದೀನಿ."

ಆಮೊಸನ ಬಾಯಿ ತೆರೆದದ್ದು ಮುಚ್ಚಲಿಲ್ಲ. ಒರ್ನೆಲ್ಲಾ ಮಾತ್ರ ನಗಲೂ ಇಲ್ಲ, ಬೈಯಲೂ ಇಲ್ಲ. ಒಂದು ಕ್ಷಣ ಗೋಡೆ ನೋಡಿ, ನಿಧಾನವಾಗಿ ಕೇಳಿದಳು: "ಬಳಿಯೋಕೆ ಮೊದಲು ಕೆರೆದ್ರಾ? ಕೆರೆದಿದ್ರೆ ಏನೂ ಉಳಿದಿರಲ್ಲ. ಕೆರೀದೆ ಮಸಿ ಮೇಲೇ ಬಳಿದಿದ್ರೆ, ಆ ಮಸಿ ಹಳದಿ ಕಲೆಯಾಗಿ ಮೇಲೆ ಬಂದಿರ್ಬೇಕಿತ್ತು. ಈ ಗೋಡೆಯಲ್ಲಿ ಒಂದು ಕಲೆಯೂ ಇಲ್ಲ. ಅದಕ್ಕೇ ನಾವೆಲ್ಲ ಹೊಸ ಗಾರೆ ಅಂತಲೇ ನಂಬಿದ್ವಿ."

ಅಮ್ಮ ಕೆರೆದಳೇ? ಎರ್ಸಿಲಿಯಾಳಿಗೆ ನೆನಪಿಲ್ಲ. ಅವತ್ತು ಅವಳನ್ನು ಬಾವಿಗೆ ನೀರಿಗೆ ಕಳಿಸಿದ್ದರು. ಬರುವಷ್ಟರಲ್ಲಿ ಸುಣ್ಣ ಒಂದು ಕೈ ಬಳಿದಾಗಿತ್ತು. ಅಷ್ಟು ವರ್ಷ ಅವಳು ಕಾಪಾಡಿಕೊಂಡು ಬಂದದ್ದು ಬರೀ ಪುಡಿಯಾಗಿರಬಹುದೇ?

"ಕೆರೀಲಿಲ್ಲ," ಎಂದು ಯಾರೋ ಸಿಡುಕಿದರು. ಡೀರ್ಚೆ. ಮುಖ ಕೆಂಪಾಗಿತ್ತು. "ಕೆರೀಲಿಲ್ಲ, ಬ್ರೆಡ್ಡಲ್ಲಿ ಉಜ್ಜಿದ್ಲು! ಸರ್ಕಾರದವರು ಕೊಟ್ಟ ಬ್ರೆಡ್ಡು. ಇಡೀ ದಿನಕ್ಕೆ ಮೂರು ಜನಕ್ಕೆ ಒಂದು. ನಾನು ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಅದರ ತಿರುಳು ತೆಗೆದು ಉಂಡೆ ಮಾಡಿ, ಮೇಲಿಂದ ಕೆಳಗೆ, ಮೆಲ್ಲಗೆ, ಮಗುವಿನ ಮುಖ ಒರೆಸಿದ ಹಾಗೆ ಇಡೀ ಗೋಡೆ ಒರೆಸಿದ್ಲು. ಕರ್ರಗಾದ ಉಂಡೆ ಕೋಳಿಗೆ ಹಾಕಿದ್ಲು. ನನಗೆ ಸಿಪ್ಪೆ ಕೊಟ್ಲು, ಸಿಪ್ಪೆ! ಅರವತ್ತು ವರ್ಷದಿಂದ ಹೊಟ್ಟೇಲಿ ಇಟ್ಕೊಂಡಿದೀನಿ ಇದನ್ನ."

ಒರ್ನೆಲ್ಲಾ ಎರಡೂ ಕೈ ತಲೆಯ ಮೇಲೆ ಇಟ್ಟುಕೊಂಡಳು.

"ಬ್ರೆಡ್ಡಿನ ತಿರುಳು! ಸಿನ್ಯೋರಾ, ನಮ್ಮ ಗುರುಗಳು ನಮಗೆ ಮೊದಲ ವರ್ಷ ಕಲಿಸೋದೇ ಅದು. ಹಳಬರು ಗೋಡೆಚಿತ್ರದ ಮಸಿ ತೆಗೀತಿದ್ದದ್ದೇ ಅದರಲ್ಲಿ. ನಿಮ್ಮಮ್ಮ ಚಿತ್ರ ಹಾಳು ಮಾಡ್ಲಿಲ್ಲ. ಶುಚಿ ಮಾಡಿ ಮುಚ್ಚಿಟ್ರು!"

"ಸುಣ್ಣದ ಮೇಲೆ ಕಲೆ ಬರ್ಬಾರ್ದು ಅಂತ ಉಜ್ಜಿದ್ಲು ಅಷ್ಟೆ," ಎಂದಳು ಡೀರ್ಚೆ. ಆದರೆ ದನಿ ಮೆತ್ತಗಾಗಿತ್ತು.

"ಯಾಕಾದ್ರೂ ಆಗಲಿ. ಆಮೊಸ್, ಆ ಕಡೆಯ ಕಿಟಕಿ ಮುಚ್ಚಿ. ಎಲ್ಲವನ್ನೂ ಮುಚ್ಚಿ!"

ಕೋಣೆ ನಸುಗತ್ತಲಾಯಿತು. ಚಿತ್ರ ನೋಡಲು ಬಂದಿದ್ದ ಹತ್ತಾರು ಜನ ಏನಾಯಿತೆಂದು ಸುತ್ತ ಸೇರಿದರು. ಒರ್ನೆಲ್ಲಾ ಟಾರ್ಚನ್ನು ಗೋಡೆಗೆ ತಾಗಿಸಿದ ಹಾಗೆ ಅಡ್ಡಲಾಗಿ ಹಿಡಿದಳು. ಬೆಳಕು ಸುಣ್ಣದ ಮೇಲೆ ನೀರಿನಂತೆ ಹರಿಯಿತು. ಬಿಳಿಯಲ್ಲಿ ಬಿಳಿ. ಏನೂ ಕಾಣಲಿಲ್ಲ.

"ಸ್ವಲ್ಪ ಮೇಲೆ," ಎಂದಳು ಎರ್ಸಿಲಿಯಾ. "ನನ್ನ ಮಂಚ ಮೇಲಿನದು. ಅಕ್ಟೋಬರಿನ ಕಡೆಗೆ. ಇನ್ನೂ. ಅಲ್ಲಿ! ಅಲ್ಲಿ ಒಂದು ಏಣು ಇರ್ಬೇಕು, ಮುಖದ ಸುತ್ತ. ಎಲ್ಲಿ, ನನಗೆ ಮುಟ್ಟಿ ನೋಡೋಕೆ ಬಿಡಿ."

"ಗೋಡೆ ಮುಟ್ಟಬಾರ್ದು ಅಂತ ಬೋರ್ಡಿದೆ," ಎಂದ ಆಮೊಸ್ ಅಭ್ಯಾಸಬಲದಿಂದ.

"ಆ ಬೋರ್ಡು ಬರೋಕೆ ಮುಂಚೆಯಿಂದ ಮುಟ್ತಿದಾಳೆ ಅವಳು. ಏಣಿ ತಾ," ಎಂದಳು ಡೀರ್ಚೆ.

ಏಣಿ ಬಂತು. ಎರ್ಸಿಲಿಯಾ ಮೂರು ಮೆಟ್ಟಿಲು ಹತ್ತಿದಳು. ಸ್ಕರ್ಟನ್ನು ಡೀರ್ಚೆ ಹಿಂದಿನಿಂದ ಹಿಡಿದುಕೊಂಡಿದ್ದಳು. ಬಲಗೈ ನಡುಬೆರಳನ್ನು ಗೋಡೆಗೆ ಊರಿ, ಕಣ್ಣು ಮುಚ್ಚಿದಳು. ಸುಣ್ಣ ತಣ್ಣಗಿತ್ತು. ಬೆರಳು ಹುಡುಕಿತು, ಹಿಂದೆ ಸರಿಯಿತು, ಮತ್ತೆ ಹುಡುಕಿತು. ಆಮೇಲೆ ಸಿಕ್ಕಿತು. ಒಂದು ಹಿಟ್ಟಿನ ಹಾಳೆಯ ಮೇಲೆ ಇನ್ನೊಂದರ ಅಂಚು ಕೂತರೆ ಹೇಗಿರುತ್ತದೋ ಹಾಗೆ. ಹಣೆಯ ಮೇಲಿಂದ ಕೆನ್ನೆಗೆ, ಕೆನ್ನೆಯಿಂದ ಗಲ್ಲಕ್ಕೆ ಬೆರಳು ತಾನಾಗಿ ಹೋಯಿತು. ಅದರ ಹಿಂದೆಯೇ ಒರ್ನೆಲ್ಲಾಳ ಟಾರ್ಚು. ಸಣ್ಣ ನೆರಳಿನ ಗೆರೆಯೊಂದು ಎದ್ದು, ಸುತ್ತು ಬಂದು ಕೂಡಿಕೊಂಡಿತು. ತಲೆಯಷ್ಟು ದೊಡ್ಡ ಸುತ್ತು.

"ಅಯ್ಯೋ ದೇವರೇ," ಎಂದಳು ಗುಂಪಿನಲ್ಲಿ ಯಾರೋ.

"ಒಂದು ದಿನದ ಗಾರೆ," ಎಂದಳು ಒರ್ನೆಲ್ಲಾ. "ಹಸಿ ಗಾರೆ ಒಣಗೋದ್ರೊಳಗೆ ಬಣ್ಣ ಹಾಕಿ ಮುಗಿಸ್ಬೇಕು. ಅದಕ್ಕೇ ಅವತ್ತು ಎಷ್ಟು ಬರೀಬಹುದೋ ಅಷ್ಟೇ ಮೆತ್ತೋದು. ಮುಖಕ್ಕೆ ಮಾತ್ರ ಒಂದು ಇಡೀ ದಿನ."

ಎರ್ಸಿಲಿಯಾಳಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಒದ್ದೆ ಬಟ್ಟೆ ಹೊದಿಸಿಟ್ಟ ಹಿಟ್ಟು ಮನೆಯಲ್ಲಿ ಕಾಯುತ್ತಿತ್ತು.

"ಹಾಗಾದ್ರೆ ಈಗಲೇ ತೆಗೀರಿ!" ಎಂದಳು ಏಣಿಯ ಮೇಲಿಂದಲೇ.

"ನಾನು ಉಗುರು ತಾಗಿಸಿದ್ರೂ ಕೆಲಸ ಹೋಗುತ್ತೆ, ಸಿನ್ಯೋರಾ. ಜಿಲ್ಲೆಯ ಕಚೇರಿ ಅಪ್ಪಣೆ ಕೊಡ್ಬೇಕು. ಅವರು ನನ್ನ ಮಾತಿಗೆ, ನಿಮ್ಮ ಮಾತಿಗೆ ಅಲ್ಲಾಡಲ್ಲ, ಕಾಗದಕ್ಕೆ ಮಾತ್ರ. ಯಾರು ಬಳಿದದ್ದು, ಯಾವಾಗ, ಯಾಕೆ, ಕಂಡವರು ಯಾರು. ಸಹಿ ಸಮೇತ, ರಿಜಿಸ್ಟರ್ ಅಂಚೆ. ರಸೀದಿ ನಂಬರು ಇವತ್ತೇ ನನ್ನ ಕೈಗೆ ಬಂದ್ರೆ, ಅದನ್ನ ತೋರಿಸಿ ಸೋಮವಾರ ಕೊರೆಯೋರನ್ನ ನಾನೇ ಬಾಗಿಲಲ್ಲಿ ತಡೀತೀನಿ. ನಂಬರು ಇಲ್ದಿದ್ರೆ..." ಕೈ ಚೆಲ್ಲಿದಳು. "ಬರೆಯೋಕೆ ನಾನು ಸಹಾಯ ಮಾಡ್ಲಾ?"

"ಬರೆದಾಗಿದೆ," ಎಂದಳು ಎರ್ಸಿಲಿಯಾ.

ಏಣಿಯ ಕೆಳಗಿಂದ ಡೀರ್ಚೆ ತಲೆಯೆತ್ತಿ ನೋಡಿದಳು.

*

ಗಂಟೆ ಹನ್ನೊಂದೂ ಮುಕ್ಕಾಲು. ಅಂಚೆ ಕಚೇರಿ ಶನಿವಾರ ಹನ್ನೆರಡೂವರೆಗೆ ಬಾಗಿಲು ಹಾಕುತ್ತದೆ. ಅಕ್ಕತಂಗಿಯರು ಸೈಕಲ್ ತುಳಿದದ್ದು ನೋಡಿ ಚೌಕದಲ್ಲಿ ಇಸ್ಪೀಟು ಆಡುತ್ತಿದ್ದ ಮುದುಕರು ಎದ್ದು ಚಪ್ಪಾಳೆ ತಟ್ಟಿದರು. "ರೇಸ್ ಗೆದ್ದವರ ಗುಲಾಬಿ ಅಂಗಿ ಯಾರಿಗೆ?" ಎಂದು ಒಬ್ಬ ಕೂಗಿದ. "ನಿನ್ನ ಹೆಂಡ್ತಿಗೆ, ನಿನ್ನ ಜೊತೆ ಇಷ್ಟು ದಿನ ಓಡಿದ್ದಕ್ಕೆ!" ಎಂದು ಡೀರ್ಚೆ ತಿರುಗಿ ನೋಡದೆ ಕೂಗಿದಳು.

ಅಡುಗೆಮನೆಯ ಮೇಜಿನ ಖಾನೆಯಲ್ಲಿ, ಲಟ್ಟಣಿಗೆಯ ಅಡಿಯಲ್ಲಿ, ಹಿಟ್ಟಿನ ಧೂಳು ಕೂತ ಲಕೋಟೆ. ಮೂವತ್ತು ದಾಟಿದ ಮೇಲೆ ಎರ್ಸಿಲಿಯಾ ಗಿರಣಿ ಕೆಲಸ ಮುಗಿಸಿ ಎರಡು ವರ್ಷ ಸಂಜೆ ಶಾಲೆಗೆ ಹೋಗಿದ್ದಳು. ಒಂದು ದಿನ ಮೇಷ್ಟ್ರು, ನಿಮಗೆ ಮಾತ್ರ ಗೊತ್ತಿರುವ ಒಂದು ವಿಷಯವನ್ನು ಯಾವುದಾದರೂ ಕಚೇರಿಗೆ ಕಾಗದವಾಗಿ ಬರೆಯಿರಿ ಎಂದರು. ಉಳಿದವರು ಚರಂಡಿಯ ಬಗ್ಗೆ, ಬಸ್ಸಿನ ಬಗ್ಗೆ ಬರೆದರು.

ಡೀರ್ಚೆ ಕನ್ನಡಕ ಹಾಕಿಕೊಂಡು ಓದಿದಳು. "'ಮಾನ್ಯರೇ, ಆ ಚಿತ್ರ ತೇವಕ್ಕೆ ಉದುರಿಲ್ಲ. ನನ್ನ ತಾಯಿ ಜೆಲಿಂದಾ ಅದಕ್ಕೆ ಸುಣ್ಣ ಬಳಿದರು. ಆಕೆ ಬಹಳ ಶುಚಿಯಾದ ಹೆಂಗಸು. ನಮ್ಮನ್ನು ಹೊರಗೆ ಹಾಕುತ್ತಾರೆಂದು ಹೆದರಿ ಸುಳ್ಳು ಹೇಳಿದರು...'" ಮುಂದಕ್ಕೆ ಮನಸ್ಸಿನಲ್ಲೇ ಓದಿಕೊಂಡಳು. ಕೊನೆಯಲ್ಲಿ ಕೆಂಪು ಶಾಯಿಯಲ್ಲಿ ಮೇಷ್ಟ್ರ ಅಕ್ಷರ: "ತುಂಬ ಚೆನ್ನಾಗಿದೆ. ಕಳಿಸಿದಿರಾ?"

"ಅಮ್ಮ ಇದನ್ನ ಓದಿದ್ಲಾ?"

"ನಾನೇ ಓದಿ ಹೇಳಿದೆ. ಪೂರ್ತಿ ಕೇಳಿಸ್ಕೊಂಡ್ಲು. 'ನಾನು ಹೋದ್ಮೇಲೆ ಕಳ್ಸು' ಅಂದ್ಲು. ಹೋದ್ಮೇಲೆ ನಿನಗೆ ಹೆದರಿದೆ."

"ನನಗಾ?"

"ನಿನಗಲ್ದೆ ಇನ್ಯಾರಿಗೆ?"

ಡೀರ್ಚೆ ತರಕಾರಿ ಪಟ್ಟಿ ಬರೆಯುವ ಪೆನ್ನನ್ನು ಎಳೆದುಕೊಂಡು, ಕೆಂಪು ಶಾಯಿಯ ಕೆಳಗೆ ಗಟ್ಟಿಯಾಗಿ ಒತ್ತಿ ಒತ್ತಿ ಬರೆದಳು: "ಬಳಿಯುವ ಮೊದಲು ಬ್ರೆಡ್ಡಿನ ತಿರುಳಿನಲ್ಲಿ ಉಜ್ಜಿದರು, ಕೆರೆಯಲಿಲ್ಲ. ನಾನು ಕಣ್ಣಾರೆ ಕಂಡೆ, ನನಗೆ ಹಸಿವಾಗಿತ್ತು. ಡೀರ್ಚೆ, ಹಿರಿಯ ಮಗಳು." ಸಹಿ ಹಾಕಿ, ಒಮ್ಮೆ ಊದಿದಳು.

"ಹಸಿವಿನ ವಿಷಯ ಕಚೇರಿಗೆ ಯಾಕೆ?"

"ಇರ್ಲಿ. ಗೊತ್ತಾಗ್ಲಿ."

ಅಂಚೆ ಕಚೇರಿಯ ಹುಡುಗಿ ಬೀಗದ ಕೈ ಹಿಡಿದು ಬಾಗಿಲ ಹತ್ತಿರ ಬರುತ್ತಿದ್ದಳು. ಡೀರ್ಚೆ ಸೈಕಲ್ಲಿನ ಮುಂದಿನ ಚಕ್ರವನ್ನೇ ಬಾಗಿಲ ಸಂದಿಗೆ ತೂರಿಸಿದಳು. "ಇನ್ನೂ ನಾಲ್ಕು ನಿಮಿಷ ಇದೆ ಮಗಳೇ. ಗಡಿಯಾರ ನಿನ್ನದೇ, ನೋಡ್ಕೋ."

ಹುಡುಗಿ ಲಕೋಟೆ ತಿರುಗಿಸಿ ನೋಡಿ ನಕ್ಕಳು. "ಸಿನ್ಯೋರಾ, ಇದು ಲೀರಾ ಕಾಲದ ಸ್ಟಾಂಪು. ಯಾವಾಗ ಅಂಟಿಸಿದ್ರಿ ಇದನ್ನ?"

"ಸ್ವಲ್ಪ ದಿನ ಆಯ್ತು," ಎಂದಳು ಎರ್ಸಿಲಿಯಾ. "ನಡೆಯಲ್ವಾ?"

"ನಡೆಯಲ್ಲ. ಕಚೇರಿ ಇರೋ ರಸ್ತೆಗೂ ಹೆಸರು ಬದಲಾಗಿದೆ, ಬರ್ಕೊಳ್ತೀನಿ. ಹೊಸ ಲಕೋಟೆ ಕೊಡ್ಲಾ?"

"ಬೇಡ, ಅದೇ ಇರ್ಲಿ."

ಹುಡುಗಿ ಹಳೆಯ ವಿಳಾಸದ ಮೇಲೆ ಹೊಸ ವಿಳಾಸದ ಚೀಟಿ ಅಂಟಿಸಿದಳು, ನಂಬರಿನ ಪಟ್ಟಿ ಅಂಟಿಸಿದಳು, ರಸೀದಿ ಹರಿದು ಕೊಟ್ಟಳು. ಡೀರ್ಚೆ ಅದನ್ನು ಕಿತ್ತುಕೊಂಡು ಹೊರಗೆ ಓಡಿ, ಫೋನಿನಲ್ಲಿ ಒರ್ನೆಲ್ಲಾಳಿಗೆ ಒಂದೊಂದೇ ಅಂಕಿಯನ್ನು ಇಡೀ ಚೌಕಕ್ಕೆ ಕೇಳುವಂತೆ ಕೂಗಿ ಹೇಳತೊಡಗಿದಳು. ಎರ್ಸಿಲಿಯಾ ಒಳಗೇ ನಿಂತಿದ್ದಳು. ಹುಡುಗಿ ಮುದ್ರೆ ಎತ್ತಿ ದಬ್ಬನೆ ಒತ್ತಿದಳು. ಲಕೋಟೆಯಿಂದ ಒಂದು ಚಿಟಿಕೆ ಹಿಟ್ಟು ಹಾರಿತು. ಆಮೇಲೆ ಅದನ್ನು ಹಿಂದಕ್ಕೆ, ಹೊರಡಲಿದ್ದ ಚೀಲದೊಳಗೆ ಹಾಕಿದಳು.